ಗ್ರಂಥಪೂಜೆಯೂ ಗ್ರಂಥಪಠನವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಮೈಸೂರು ನಗರದ ವಿಜಯನಗರ ಬಡಾವಣೆಯಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಪುಸ್ತಕಗಳನ್ನೂ ಅವುಗಳ ಪಠನದಿಂದ ನಿತ್ಯಜೀವನದಲ್ಲಿ ಉಂಟಾಗುವ ಪ್ರಯೋಜನವನ್ನೂ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಬಾಲ್ಯದಿಂದಲೂ ಪಾಠಶಾಲೆಯಲ್ಲಿ ಬೆಳೆದು, ಈಗ ಶ್ರೀಮಠದ ಗ್ರಂಥಗಳ ಸೇವೆಯಲ್ಲಿಯೇ ಕಾಲವನ್ನು ಕಳೆಯುತ್ತಿರುವವನಾದುದರಿಂದ ಈ ವಿಷಯವು ನನಗೆ ಸುಲಭವಾದುದೆಂದು ಕೆಲವರು ತಿಳಿದಿರಬಹುದು. ಆದರೆ ನಿಜವನ್ನು ಹೇಳುವುದಾದರೆ, ಈ ವಿಷಯದಲ್ಲಿ ನಾನು ಒಂದು ದೊಡ್ಡ ಅಪರಾಧವನ್ನು ಮಾಡಿದವನು. ಆ ಅಪರಾಧವನ್ನು ಈ ಸಭೆಯ ಮುಂದೆ ನಿವೇದಿಸಿಕೊಂಡ ಮೇಲೆಯೇ ಉಳಿದ ಮಾತನ್ನಾಡಲು ನನಗೆ ಅಧಿಕಾರವು ಬರುವುದು.

ನಂಜನಗೂಡು ಸೀಮೆಯ ಒಂದು ಗ್ರಾಮದಲ್ಲಿ ನಮ್ಮ ಪೂರ್ವಿಕರ ಮನೆಯಿತ್ತು. ಆ ಮನೆಯ ದೇವರ ಜಗಲಿಯ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ತಾಡವೋಲೆಯ ಕಟ್ಟು ಇದ್ದಿತು. ಪ್ರತಿ ವರ್ಷವೂ ವಿಜಯದಶಮಿಯ ದಿನ ನಮ್ಮ ತಂದೆಯವರು ಸ್ನಾನಮಾಡಿ, ಲಿಂಗಪೂಜೆಯನ್ನು ತೀರಿಸಿ, ಆ ಕಟ್ಟನ್ನು ಕೆಳಗಿಳಿಸಿ, ವಿಭೂತಿಯನ್ನು ಧರಿಸಿ, ಹೂವನ್ನೇರಿಸಿ, ಧೂಪವನ್ನು ಬೆಳಗಿ, ಮತ್ತೆ ಅದೇ ಸ್ಥಳದಲ್ಲಿ ಇಡುತ್ತಿದ್ದರು. ಮಕ್ಕಳಾದ ನಾವು ಕೈಮುಗಿದು ನಿಲ್ಲುತ್ತಿದ್ದೆವು. "ಅದರಲ್ಲಿ ಏನು ಬರೆದಿದೆ, ಅಪ್ಪಾಜಿ?" ಎಂದು ನಾನೊಮ್ಮೆ ಕೇಳಿದ್ದುಂಟು. "ನಮ್ಮ ಹಿರಿಯರ ಗ್ರಂಥ, ಮಗು. ಮೈಲಿಗೆಯಲ್ಲಿ ಮುಟ್ಟಬಾರದು" ಎಂದಷ್ಟೇ ಉತ್ತರವು ಬಂದಿತು. ಅವರಿಗೂ ಅವರ ತಂದೆಯವರು ಅಷ್ಟನ್ನೇ ಹೇಳಿದ್ದಿರಬೇಕು.

ತಂದೆಯವರು ಲಿಂಗೈಕ್ಯರಾದ ಮೇಲೆ ಆ ಕಟ್ಟು ನನ್ನ ಪಾಲಿಗೆ ಬಂದು, ಇದೇ ವಿಜಯನಗರದಲ್ಲಿರುವ ನನ್ನ ಮನೆಯನ್ನು ಸೇರಿತು. ಅಷ್ಟು ಹೊತ್ತಿಗೆ ನಾನು ಹಳೆಯ ಓಲೆಗರಿಗಳನ್ನು ಓದುವುದನ್ನು ಕಲಿತಿದ್ದೆನು. ಪರರ ಮನೆಯ ಕಟ್ಟುಗಳನ್ನು ಬಿಚ್ಚಿ, ಧೂಳೊರಸಿ, ಪಟ್ಟಿಯನ್ನು ಬರೆಯುವುದೇ ನನ್ನ ಉದ್ಯೋಗವಾಗಿದ್ದಿತು. ಆದರೆ ನನ್ನ ಮನೆಯ ಕಟ್ಟನ್ನು ಮಾತ್ರ ಹದಿನೆಂಟು ವರ್ಷಗಳ ಕಾಲ ಬಿಚ್ಚಲಿಲ್ಲ. "ನಮ್ಮದೇ ಅಲ್ಲವೆ? ನಾಳೆ ನೋಡಿದರಾಯಿತು" ಎಂಬ ಉದಾಸೀನವು ಒಂದು ಕಾರಣ. ಪೂಜೆಯು ನಡೆಯುತ್ತಿದೆಯಲ್ಲಾ ಎಂಬ ಸಮಾಧಾನವು ಮತ್ತೊಂದು ಕಾರಣ. ಕೆಲವು ವರ್ಷಗಳ ಕೆಳಗೆ ವಿಜಯದಶಮಿಯ ದಿನ ನನ್ನ ಮಗಳು, ನಾನು ನಮ್ಮ ತಂದೆಯವರನ್ನು ಕೇಳಿದ ಪ್ರಶ್ನೆಯನ್ನೇ ನನ್ನನ್ನು ಕೇಳಿದಳು. ಉತ್ತರ ಹೇಳಲಾರದೆ ಕಟ್ಟನ್ನು ಬಿಚ್ಚಿದೆನು. ಮೇಲಿನ ಹಲಗೆಯನ್ನು ತೆಗೆದೊಡನೆಯೇ ಸಣ್ಣನೆಯ ಕಂದುಬಣ್ಣದ ಪುಡಿಯು ನನ್ನ ಮಡಿಲಿಗೆ ಸುರಿಯಿತು. ಹುಳುಗಳು ನಡುವಿನ ಗರಿಗಳನ್ನು ಜರಡಿಯಂತೆ ಕೊರೆದುಬಿಟ್ಟಿದ್ದವು. ಉಳಿದ ಗರಿಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಹೋದರೆ ಮುರಿಯುತ್ತಿದ್ದವು. ಓದಲು ದೊರೆತ ಗರಿಗಳು ಹನ್ನೊಂದು ಮಾತ್ರ.

ಆ ಹನ್ನೊಂದರಲ್ಲಿ ಕಡೆಯ ಗರಿಯೂ ಒಂದಾಗಿದ್ದಿತು. ಬರೆದವರ ಹೆಸರಿದ್ದ ಕಡೆ ಹುಳುವು ತಿಂದಿದ್ದಿತು. ಅವರ ವಿಜ್ಞಾಪನೆಯು ಮಾತ್ರ ಉಳಿದಿದ್ದಿತು. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಪದ್ಧತಿಯಂತೆಯೇ ಅದು ಇದ್ದಿತು: ಕಣ್ಣು ಸೋತು, ಬೆನ್ನು ಬಾಗಿ ಇದನ್ನು ಬರೆದುದಾಗಿಯೂ, ಅಕ್ಷರದಲ್ಲಿ ತಪ್ಪುಗಳಿದ್ದರೆ ಓದುವವರು ತಿದ್ದಿಕೊಂಡು ಓದಬೇಕಾಗಿಯೂ, ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಗ್ರಂಥವನ್ನು ಕಾಪಾಡಬೇಕಾಗಿಯೂ ಆ ಪುಣ್ಯಾತ್ಮರು ಬೇಡಿಕೊಂಡಿದ್ದರು. ಶರಣಬಂಧುಗಳೆ, ಹೂವೇರಿಸಿರೆಂದು ಅವರು ಬೇಡಿಕೊಂಡಿರಲಿಲ್ಲ. ಧೂಪವನ್ನು ಬೆಳಗಿರೆಂದು ಬೇಡಿಕೊಂಡಿರಲಿಲ್ಲ. ಓದಿರಿ, ತಿದ್ದಿರಿ, ಕಾಪಾಡಿರಿ ಎಂಬ ಮೂರನ್ನೇ ಬೇಡಿಕೊಂಡಿದ್ದರು. ನಮ್ಮ ಮನೆಯಲ್ಲಿ ತಲೆಮಾರುಗಳ ಕಾಲ ಅವರು ಬೇಡದುದೆಲ್ಲವೂ ಸಾಂಗವಾಗಿ ನಡೆಯಿತು. ಬೇಡಿದುದು ಒಂದೂ ನಡೆಯಲಿಲ್ಲ. ಬಾರದವರಾದುದರಿಂದ ನನ್ನ ತಂದೆಯವರು ನಿರಪರಾಧಿಗಳು. ಓದಬಲ್ಲವನಾಗಿಯೂ ಓದದೆ ಹೋದ ನಾನು ಅಪರಾಧಿ.

ಈ ಕಥೆಯನ್ನು ನನ್ನ ಮನೆಯ ದುಃಖವನ್ನು ತೋಡಿಕೊಳ್ಳುವುದಕ್ಕಾಗಿ ಮಾತ್ರ ಹೇಳಲಿಲ್ಲ. ತಾಡವೋಲೆಯ ಸ್ವಭಾವದಲ್ಲಿ ಒಂದು ದೊಡ್ಡ ಉಪದೇಶವು ಅಡಗಿರುವುದು. ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಬರಿಯ ಕಣ್ಣಿಗೆ ಸುಲಭವಾಗಿ ಕಾಣಿಸವು. ಮಸಿಯನ್ನು ತೀಡಿ ಒರಸಿದರೆ ಗೀರುಗಳೊಳಗೆ ಕಪ್ಪು ನಿಂತು ಅಕ್ಷರವು ಏಳುವುದು. ಆಗಾಗ್ಗೆ ಕಟ್ಟನ್ನು ಬಿಚ್ಚಿ, ಗರಿಗರಿಗೂ ಗಾಳಿಯಾಡಿಸಿ, ಹುಲ್ಲಿನೆಣ್ಣೆಯನ್ನು ಸವರಿದರೆ ಓಲೆಯು ಮೆದುವಾಗಿರುವುದಲ್ಲದೆ ಹುಳುವೂ ಹತ್ತಿರಕ್ಕೆ ಬಾರದು. ಬಿಚ್ಚದೆ ಇಟ್ಟ ಕಟ್ಟು ಒಳಗೊಳಗೇ ಸಾಯುವುದು. ಎಂದರೆ, ಓದುವವನ ಕೈಯೇ ಓಲೆಗೆ ಔಷಧವು. ಇಂದು ನಮಗೆ ಉಳಿದುಬಂದಿರುವ ಪ್ರಾಚೀನ ಗ್ರಂಥಗಳೆಲ್ಲವೂ ಹಿಂದಿನವರು ಓದಿ, ಹಳತಾದಾಗ ಹೊಸ ಓಲೆಗೆ ಪ್ರತಿಮಾಡಿ ಮುಂದಿನವರಿಗೆ ಕೊಟ್ಟುದರಿಂದಲೇ ಉಳಿದವು.

ನಾವು ಕುಳಿತಿರುವ ಈ ಸ್ಥಳದ ಹೆಸರನ್ನೇ ತೆಗೆದುಕೊಳ್ಳಿರಿ. ಹಿನಕಲ್ ಗ್ರಾಮದ ಪಕ್ಕದಲ್ಲಿ, ಹುಣಸೂರಿನ ಹೆದ್ದಾರಿಯ ಮಗ್ಗುಲಲ್ಲಿ ಬೆಳೆದುನಿಂತಿರುವ ಈ ಬಡಾವಣೆಗೆ ವಿಜಯನಗರವೆಂಬ ನಾಮಧೇಯವಿದೆ. ಹಂಪೆಯ ವಿಜಯನಗರವೆಂದೊಡನೆ ನಮ್ಮ ಮಕ್ಕಳಿಗೆ ಆನೆಲಾಯವೂ ಕಲ್ಲಿನ ರಥವೂ ನೆನಪಿಗೆ ಬರುವುವು. ನಮ್ಮ ಪರಂಪರೆಯವರಿಗೆ ಅದಕ್ಕಿಂತಲೂ ಮೊದಲು ನೆನಪಿಗೆ ಬರಬೇಕಾದುದು ಬೇರೊಂದು ಉಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿಹೋದ ಮೇಲೆ ವಚನಗಳೂ ಅಲ್ಲಲ್ಲಿ ಚದುರಿಹೋದವು. ಸುಮಾರು ಎರಡೂವರೆ ಶತಮಾನಗಳ ಬಳಿಕ, 1424ರಿಂದ 1446ರ ವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ, ಅವುಗಳನ್ನು ಅರಸಿ ತಂದು ಕೂಡಿಸುವ ಮಹಾಕಾರ್ಯವು ನಡೆಯಿತು. ಅರಸನ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯನು ವಚನಗಳನ್ನು ಸ್ಥಲಕ್ರಮದಲ್ಲಿ ಜೋಡಿಸಿದನು. ಚಾಮರಸನ ಪ್ರಭುಲಿಂಗಲೀಲೆಯೂ ಆ ಕಾಲದ ಕೃತಿಯೇ. ನೂರೊಂದು ಮಂದಿ ವಿರಕ್ತರು ಅಲ್ಲಿ ಈ ಕಾರ್ಯದಲ್ಲಿ ತೊಡಗಿದ್ದರೆಂದು ಪರಂಪರೆಯು ಹೇಳುವುದು. ಅನಂತರ ಶಿವಗಣಪ್ರಸಾದಿ ಮಹಾದೇವಯ್ಯಗಳಿಂದ ಮೊದಲುಗೊಂಡು ನಾಲ್ವರು ಶೂನ್ಯಸಂಪಾದನೆಯನ್ನು ಸಂಕಲನಮಾಡಿದರು. ಆ ಪಟ್ಟಣದ ಅರಮನೆಗಳು 1565ರ ಯುದ್ಧದ ಬಳಿಕ ಹಾಳುಬಿದ್ದವು. ಅಲ್ಲಿ ಕುಳಿತು ಓಲೆಯನ್ನು ಕೊರೆದವರ ಶ್ರಮವಾದರೋ ಇಂದಿಗೂ ನಮ್ಮ ಬಾಯಲ್ಲಿ ನಲಿಯುತ್ತಿರುವುದು.

ಹೀಗೆ ಒಮ್ಮೆ ಕೂಡಿಸಿಟ್ಟರೆ ಸಾಕೆ? ಸಾಲದು. ಮುಂದಿನ ಶತಮಾನಗಳಲ್ಲಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಅನೇಕ ಕಟ್ಟುಗಳು ನಮ್ಮ ಮನೆಯ ಕಟ್ಟಿನಂತೆಯೇ ಬರಿಯ ಪೂಜೆಯನ್ನು ಪಡೆಯುತ್ತ ಕುಳಿತವು. ಅವುಗಳನ್ನು ಬಿಚ್ಚಿಸಿದ ಮಹಾನುಭಾವರಲ್ಲಿ ರಾವಬಹದ್ದೂರ ಫ. ಗು. ಹಳಕಟ್ಟಿಯವರು ಅಗ್ರಗಣ್ಯರು. 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲರಾಗಿದ್ದರು. ಬಿಡುವಾದಾಗಲೆಲ್ಲ ಊರೂರು ತಿರುಗಿ, ಮಠಮನೆಗಳ ಬಾಗಿಲಲ್ಲಿ ನಿಂತು ಕಟ್ಟುಗಳನ್ನು ಬೇಡುತ್ತಿದ್ದರು. ಪೂಜೆಯ ವಸ್ತುವನ್ನು ಹೊರಗೆ ಕೊಡಲು ಎಷ್ಟೋ ಮಂದಿಗೆ ಮನಸ್ಸಾಗುತ್ತಿರಲಿಲ್ಲ. 1923ರಲ್ಲಿ ಅವರ ವಚನಶಾಸ್ತ್ರಸಾರದ ಪ್ರಥಮ ಭಾಗವು ಪ್ರಕಟವಾಯಿತು. ಇತರರ ಮುದ್ರಣಾಲಯಗಳನ್ನು ನೆಚ್ಚಿ ಕುಳಿತರೆ ಕಾರ್ಯವು ಸಾಗದೆಂದು ಕಂಡುಕೊಂಡು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ಸ್ವಂತದ ಆಸ್ತಿಯನ್ನೂ ಕಳೆದುಕೊಂಡರು. ಇನ್ನೂರಕ್ಕೂ ಮೇಲ್ಪಟ್ಟ ವಚನಕಾರರು ಲೋಕಕ್ಕೆ ಪರಿಚಿತರಾದುದು ಅವರ ಪರಿಶ್ರಮದ ಫಲವು. 1964ರಲ್ಲಿ ಅವರು ಲಿಂಗೈಕ್ಯರಾದರು. ಇಂದು ನಾವು ಬೆಳಗಾಗೆದ್ದು ಯಾವ ವಚನವನ್ನು ಹೇಳಿಕೊಂಡರೂ ಅದರ ಹಿಂದೆ ಆ ವಕೀಲರ ಸವೆದ ಪಾದರಕ್ಷೆಗಳಿವೆಯೆಂಬುದನ್ನು ಮರೆಯತಕ್ಕದ್ದಲ್ಲ.

ಇದೇ ಮೈಸೂರಿನಲ್ಲಿಯೂ ಒಂದು ಕಟ್ಟನ್ನು ಬಿಚ್ಚಿದುದರಿಂದ ಲೋಕವೇ ಬೆರಗಾದುದುಂಟು. 1887ರಲ್ಲಿ ವಿಕ್ಟೋರಿಯಾ ರಾಣಿಯವರ ಆಳ್ವಿಕೆಯ ಜ್ಯೂಬಿಲಿಯ ನೆನಪಿಗಾಗಿ ಇಲ್ಲಿ ಒಂದು ಕಟ್ಟಡಕ್ಕೆ ಅಸ್ತಿವಾರವನ್ನು ಹಾಕಿದರು. 1891ರಲ್ಲಿ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರವು ಅದರಲ್ಲಿ ನೆಲೆಗೊಂಡಿತು. ಈಗ ಅದು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿರುವುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಕಟ್ಟನ್ನು ಅಲ್ಲಿಗೆ ತಂದುಕೊಟ್ಟಿದ್ದರು. ಪುಸ್ತಕಭಂಡಾರದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಲೋಪವಾಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದು ಇಲ್ಲಿಯೇ ಅಚ್ಚಾಯಿತು. ಆ ಕಟ್ಟು ಯಾರ ಮನೆಯ ಜಗಲಿಯ ಮೇಲಾದರೂ ಕೆಂಪು ವಸ್ತ್ರದೊಳಗೆ ಉಳಿದಿದ್ದರೆ ಭರತಖಂಡದ ಚರಿತ್ರೆಯಲ್ಲಿಯೇ ಒಂದು ಅಧ್ಯಾಯವು ಇಲ್ಲವಾಗುತ್ತಿತ್ತು. ಜ್ಯೂಬಿಲಿಗಳು ಬರುವುವು, ಹೋಗುವುವು. ತೋರಣಗಳು ಮೂರು ದಿನಗಳಲ್ಲಿ ಬಾಡುವುವು. ಪುಸ್ತಕಭಂಡಾರವಾಗಿ ನಿಂತ ಜ್ಯೂಬಿಲಿಯು ಮಾತ್ರ ಬಾಡಲಿಲ್ಲ. ಮಹೋತ್ಸವವನ್ನು ಆಚರಿಸುತ್ತಿರುವ ನಾವು ಇದನ್ನು ಮನಸ್ಸಿನಲ್ಲಿಡುವುದು ಯುಕ್ತವು.

ಇಲ್ಲಿ ಕೆಲವರು ಒಂದು ಸಂದೇಹವನ್ನು ಎತ್ತುವರು. "ಸ್ವಾಮಿ, ಶರಣರು ಓದಿನ ಹಮ್ಮನ್ನು ಕಠಿನವಾಗಿ ಖಂಡಿಸಿದರಲ್ಲವೆ? ನಡೆಯಿಲ್ಲದ ಓದು ವ್ಯರ್ಥವೆಂದು ಹೇಳಿದರಲ್ಲವೆ? ಅನುಭಾವವೇ ಮುಖ್ಯವಾಗಿರುವಾಗ ಪುಸ್ತಕದ ಗೊಡವೆ ನಮಗೇತಕ್ಕೆ?" ಎಂದು. ಇದು ಸೋಮಾರಿಗಳ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಶರಣರು ಹಾಗೆ ಹೇಳಿದ್ದು ನಿಜವು. ಆದರೆ ಅವರು ಹಾಗೆ ಹೇಳಿದರೆಂಬುದು ನಮಗೆ ಹೇಗೆ ತಿಳಿಯಿತು? ಯಾರೋ ಬರೆದಿಟ್ಟರು, ಯಾರೋ ಓದಿದರು, ಆದುದರಿಂದ ತಿಳಿಯಿತು. ಅವರು ಖಂಡಿಸಿದುದು ಬಾಯಲ್ಲಿ ನಿಂತು ಎದೆಗೆ ಇಳಿಯದ ಓದನ್ನು. ಪಾಠಶಾಲೆಯಲ್ಲಿ ನಾನೂ ಆ ಬಗೆಯ ಓದನ್ನು ಓದಿದವನೇ. ಹನ್ನೆರಡನೆಯ ವಯಸ್ಸಿಗೆ ಅಮರಕೋಶವು ಕಂಠಸ್ಥವಾಗಿದ್ದಿತು. ನೀರಿಗೆ ಇರುವ ಸಂಸ್ಕೃತ ನಾಮಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆನು. ಹಿತ್ತಿಲ ಬಾವಿಯಿಂದ ನೀರು ಸೇದುತ್ತಿದ್ದ ಅವ್ವನ ಕೈಯಿಂದ ಹಗ್ಗವನ್ನು ತೆಗೆದುಕೊಳ್ಳಬೇಕೆಂದು ನನಗೆ ತೋರಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಮೊದಲ ಬಾರಿಗೆ ಅರ್ಥವಿಟ್ಟು ಓದಿದ ದಿನ ಆ ಹಗ್ಗವು ನೆನಪಿಗೆ ಬಂದು ನಾಚಿಕೆಯಾಯಿತು. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆ ತಾಯಿಯ ಕಥೆಯನ್ನು ಓದಿದವನು ಮರುದಿನ ಅಂಗಡಿಯಲ್ಲಿ ತಕ್ಕಡಿಯನ್ನು ಹಿಡಿಯುವಾಗ ಒಮ್ಮೆಯಾದರೂ ತಡೆದು ನಿಂತರೆ, ಅದು ಎದೆಗಿಳಿದ ಓದು. ಓದು ಬೇಡವೆಂಬುದು ಶರಣರ ಅಭಿಪ್ರಾಯವಲ್ಲ, ಓದು ನಡೆಯಾಗಲಿ ಎಂಬುದೇ ಅವರ ಆಶಯವು.

ಇನ್ನು ನಿತ್ಯಜೀವನದ ಪ್ರಯೋಜನಗಳಿಗೆ ಬರುವೆನು.

ಮೊದಲನೆಯದಾಗಿ, ಓದು ನಮ್ಮನ್ನು ಪರಾಧೀನತೆಯಿಂದ ಬಿಡಿಸುವುದು. ನಮ್ಮ ಅವ್ವನಿಗೆ ಅಕ್ಷರವು ಬಾರದು. ನೂರಾರು ವಚನಗಳೂ ತತ್ತ್ವಪದಗಳೂ ಅವಳ ನಾಲಗೆಯ ಮೇಲಿದ್ದವು. ಆದರೆ ಒಮ್ಮೆ ನೆಂಟರೊಬ್ಬರು "ಇದು ಬರಿಯ ಸಾಕ್ಷಿಯ ಕಾಗದ, ಅತ್ತಿಗೆ" ಎಂದು ಹೇಳಿ ಅವಳ ಹೆಬ್ಬೆಟ್ಟನ್ನು ಒತ್ತಿಸಿಕೊಂಡರು. ಎರಡು ವರ್ಷಗಳ ಮೇಲೆ ಕೆರೆಯ ಕೆಳಗಿನ ನಮ್ಮ ತುಂಡುಭೂಮಿಯು ಒತ್ತೆ ಬಿದ್ದಿರುವುದು ತಿಳಿಯಬಂದಿತು. ಅವಳು ಆ ಭೂಮಿಗಾಗಿ ಅತ್ತುದನ್ನು ನಾನು ಕಾಣೆನು. "ನನ್ನ ಬೆರಳೇ ನನಗೆ ಮೋಸಮಾಡಿತಲ್ಲಪ್ಪ" ಎಂದು ಆ ಹೆಬ್ಬೆಟ್ಟನ್ನು ನೋಡಿಕೊಳ್ಳುತ್ತಿದ್ದುದನ್ನು ಕಂಡಿರುವೆನು. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಮೇಲ್ಪಟ್ಟ ಶರಣೆಯರು ವಚನಗಳನ್ನು ರಚಿಸಿದ ಪರಂಪರೆಯಲ್ಲಿ ಹುಟ್ಟಿದ ಹೆಂಗಸೊಬ್ಬಳ ಗತಿಯಿದು. ಇಂದು ನಮ್ಮ ಮನೆಗಳಲ್ಲಿ ಹೆಬ್ಬೆಟ್ಟು ಒತ್ತುವವರು ಕಡಮೆಯಾಗಿರುವರು. ಆದರೆ ಓದದೆಯೇ ರುಜುಹಾಕುವವರು ಕಡಮೆಯಾಗಿರುವರೆ? ಬ್ಯಾಂಕಿನ ಕಾಗದವನ್ನೂ, ವೈದ್ಯರು ಮುಂದಿಡುವ ಒಪ್ಪಿಗೆಪತ್ರವನ್ನೂ, ಕೈಯ ಮೊಬೈಲು ತೋರಿಸುವ ಷರತ್ತುಗಳನ್ನೂ ಓದದೆ ಒಪ್ಪಿಬಿಡುವ ಬೆರಳು ನಮ್ಮ ಅವ್ವನ ಹೆಬ್ಬೆಟ್ಟಿಗಿಂತ ಮೇಲಾದುದೇನೂ ಅಲ್ಲ. ಪ್ರತಿದಿನ ಸದ್ಗ್ರಂಥದ ಎರಡು ಪುಟಗಳನ್ನು ನಿಧಾನವಾಗಿ ಕಡೆಯವರೆಗೆ ಓದುವ ಅಭ್ಯಾಸವುಳ್ಳವನಿಗೆ ಕಾಗದಪತ್ರವನ್ನೂ ಕಡೆಯವರೆಗೆ ಓದುವ ತಾಳ್ಮೆಯು ತಾನಾಗಿಯೇ ಬರುವುದು.

ಎರಡನೆಯದಾಗಿ, ಓದು ಮನೆಯವರನ್ನು ಒಂದೆಡೆ ಕೂಡಿಸುವುದು. ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣಪ್ರವಚನವು ನಡೆಯುವುದು ನಿಮಗೆಲ್ಲ ತಿಳಿದ ವಿಷಯವು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವನ್ನು ಅಕ್ಷರವರಿಯದ ಒಕ್ಕಲಿನವರೂ ಕೇಳಿ ಕೇಳಿ ಬಲ್ಲವರಾದುದು ಈ ರೀತಿಯಿಂದಲೇ. ಒಬ್ಬನು ಓದುವನು, ಹತ್ತು ಮಂದಿ ಕೇಳುವರು. ಸಂದೇಹವು ಬಂದರೆ ಅಲ್ಲಿಯೇ ವಿಚಾರವಾಗುವುದು. ಈ ಪದ್ಧತಿಯನ್ನು ಮಠದಿಂದ ಮನೆಗೆ ತೆಗೆದುಕೊಂಡುಹೋಗಬಾರದೆ? ಇಂದು ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಪರದೆಗಳನ್ನು ನೋಡುತ್ತ ಕುಳಿತಿರುವರು. ಅಜ್ಜಿಯ ಕನ್ನಡವು ಮೊಮ್ಮಗನಿಗೆ ತಿಳಿಯದು. ಮೊಮ್ಮಗನ ಮಾತು ಅಜ್ಜಿಗೆ ತಿಳಿಯದು. ಹಗಲಿನಲ್ಲಿ ದೊಡ್ಡ ಅಕ್ಷರದ ಪುಸ್ತಕವೊಂದರಿಂದ ಮೊಮ್ಮಗನು ಒಂದು ಪುಟವನ್ನು ಅಜ್ಜಿಗೆ ಗಟ್ಟಿಯಾಗಿ ಓದಿಹೇಳಲಿ. ತಿಳಿಯದ ಪದಕ್ಕೆ ಅಜ್ಜಿಯು ಅರ್ಥವನ್ನು ಹೇಳಲಿ. ಇಬ್ಬರಿಗೂ ಲಾಭವೇ.

ಮೂರನೆಯದಾಗಿ, ಓದು ಕೋಪಕ್ಕೆ ಕಡಿವಾಣವು. ಗ್ರಂಥವನ್ನು ಓದುವವನು ತನಗಿಂತ ಬೇರೆಯಾದವನೊಬ್ಬನ ಮಾತನ್ನು ನಡುವೆ ಬಾಯಿಹಾಕದೆ ಕೇಳುವನು. ಮುಖಾಮುಖಿಯಾಗಿ ಕುಳಿತಾಗ ನಾವು ಎಷ್ಟು ಮಂದಿಯ ಮಾತನ್ನು ಹಾಗೆ ಪೂರ್ತಿಯಾಗಿ ಕೇಳುವೆವು? ನನಗೆ ಒಪ್ಪಿಗೆಯಿಲ್ಲದ ಮತದ ಗ್ರಂಥವನ್ನು ಓದಿದಾಗಲೂ, ಅವನಿಗೂ ತನ್ನದೇ ಆದ ಕಾರಣಗಳಿವೆಯೆಂಬುದು ಮನಸ್ಸಿಗೆ ಬರುವುದು. ಉತ್ತಂಗಿ ಚನ್ನಪ್ಪನವರು ಕ್ರೈಸ್ತಮತದ ಬೋಧಕರಾಗಿದ್ದರು. ಆದರೂ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಇಂದು ಸರ್ವಜ್ಞನನ್ನು ನಮ್ಮವನೆಂದು ಹೇಳಿಕೊಳ್ಳುವ ನಾವು ಅವರ ಋಣದಲ್ಲಿರುವೆವು. ಪುಸ್ತಕದ ಪಂಕ್ತಿಯಲ್ಲಿ ಮತಭೇದವಿಲ್ಲ.

ನಾಲ್ಕನೆಯದಾಗಿ, ಮುಪ್ಪಿನಲ್ಲಿ ಓದಿಗೆ ಸಮನಾದ ಸಂಗಾತಿಯಿಲ್ಲ. ಮಕ್ಕಳು ದೂರದೇಶದಲ್ಲಿದ್ದು, ದೊಡ್ಡ ಮನೆಯಲ್ಲಿ ದಂಪತಿಗಳಿಬ್ಬರೇ ಇರುವ ಸಂಸಾರಗಳು ಈ ಬಡಾವಣೆಯಲ್ಲಿ ಎಷ್ಟೋ ಇವೆ. ಅಂಥ ಹಿರಿಯರೊಬ್ಬರು ನನ್ನೊಡನೆ ಹೇಳಿದರು: "ಶಾಸ್ತ್ರಿಗಳೆ, ಮಗನು ವಾರಕ್ಕೊಮ್ಮೆ ಮಾತನಾಡುತ್ತಾನೆ, ಅಲ್ಲಮಪ್ರಭುಗಳು ದಿನವೂ ಮಾತನಾಡುತ್ತಾರೆ" ಎಂದು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ನಾನು ಮಾಡಲಾರೆನು.

"ಇದೆಲ್ಲ ಪಂಡಿತರಿಗೆ, ಉಳ್ಳವರಿಗೆ ಸಾಧ್ಯ; ದುಡಿದು ಉಣ್ಣುವವರಿಗೆ ಪುಸ್ತಕವೆಲ್ಲಿ, ಬಿಡುವೆಲ್ಲಿ?" ಎಂದು ಕೇಳುವವರಿಗೆ ನಾನು ಶಾಸ್ತ್ರದಿಂದ ಉತ್ತರವನ್ನು ಕೊಡುವುದಿಲ್ಲ. ಈ ನಾಡಿನವರನ್ನೇ ತೋರಿಸುವೆನು. ಹಾವೇರಿ ಸೀಮೆಯ ಗಳಗನಾಥರು ಶಾಲೆಯ ಉಪಾಧ್ಯಾಯರಾಗಿದ್ದು, ಕಾದಂಬರಿಗಳನ್ನು ಬರೆದು, ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದರು. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರೆಂಬವರು ಬಸ್ಸಿನ ಕಂಡಕ್ಟರಾಗಿಯೂ ಸಕ್ಕರೆ ಕಾರ್ಖಾನೆಯ ನೌಕರರಾಗಿಯೂ ದುಡಿದ ಹಣದಲ್ಲಿ ಪುಸ್ತಕಗಳನ್ನು ಕೊಂಡು ಕೊಂಡು, ಲಕ್ಷಗಟ್ಟಲೆ ಗ್ರಂಥಗಳ ಪುಸ್ತಕದ ಮನೆಯನ್ನೇ ಎಬ್ಬಿಸಿರುವರು.

ಇವರಿಗಿಂತಲೂ ನನ್ನನ್ನು ತಲೆತಗ್ಗಿಸುವಂತೆ ಮಾಡಿದವರು ನಮ್ಮ ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರು. ಶಾಲೆಯ ಮುಖವನ್ನು ಕಾಣುವ ಭಾಗ್ಯವು ಅವರಿಗೆ ದೊರೆಯಲಿಲ್ಲ. ಕೂಲಿ ಮಾಡಿ ಜೀವಿಸುವವರು. ತಮಗೆ ದೊರೆಯದುದು ನೆರೆಯ ಮಕ್ಕಳಿಗೆ ದೊರೆಯಲೆಂದು 2011ರಲ್ಲಿ ಒಂದು ಚಪ್ಪರದ ಕೆಳಗೆ ಗ್ರಂಥಾಲಯವನ್ನು ತೆರೆದು, ಕೂಲಿಯ ಹಣದಿಂದ ದಿನಪತ್ರಿಕೆಗಳನ್ನು ತರಿಸುತ್ತಿದ್ದರು. ಅಲ್ಲಿದ್ದ ಹನ್ನೊಂದು ಸಾವಿರದಷ್ಟು ಪುಸ್ತಕಗಳಲ್ಲಿ ಬಹುಪಾಲು ಕನ್ನಡದವು. 2021ನೆಯ ಏಪ್ರಿಲ್ 9ರ ಬೆಳಗಿನ ಜಾವ ಅದೆಲ್ಲವೂ ಬೆಂಕಿಗೆ ಆಹುತಿಯಾಯಿತು. ಅವರು ಎದೆಗೆಡಲಿಲ್ಲ, ಅದೇ ಸ್ಥಳದಲ್ಲಿ ಮತ್ತೆ ಗ್ರಂಥಾಲಯವನ್ನು ಕಟ್ಟುವೆನೆಂದು ಪಣತೊಟ್ಟರು. ನಾಡಿನ ನಾನಾ ಕಡೆಗಳಿಂದ ಜನರು ಪುಸ್ತಕಗಳನ್ನು ಕೊಡಲು ಮುಂದೆ ಬಂದರು.

ಯೋಚಿಸಿ ನೋಡಿರಿ. ಓದಲು ಬಾರದವರೊಬ್ಬರು ಹನ್ನೊಂದು ಸಾವಿರ ಪುಸ್ತಕಗಳನ್ನು ಪರರ ಓದಿಗಾಗಿ ತೆರೆದಿಟ್ಟರು. ಓದಬಲ್ಲ ನಾನು ಒಂದು ಕಟ್ಟನ್ನು ಹದಿನೆಂಟು ವರ್ಷ ಮುಚ್ಚಿಟ್ಟೆನು. ಅವರ ಪುಸ್ತಕಗಳನ್ನು ಬೆಂಕಿಯು ಒಂದೇ ಬೆಳಗಿನಲ್ಲಿ ಸುಟ್ಟಿತು, ನನ್ನ ಗ್ರಂಥವನ್ನು ನನ್ನ ಉದಾಸೀನವು ಸಾವಕಾಶವಾಗಿ ತಿಂದಿತು. ಕಾಯಕದಿಂದ ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸುವುದೆಂದರೇನೆಂಬುದನ್ನು ನಾನು ಪೀಠದ ಮೇಲೆ ಕುಳಿತು ವ್ಯಾಖ್ಯಾನಿಸುತ್ತಿದ್ದೆನು. ಅವರು ಚಪ್ಪರದ ಕೆಳಗೆ ಆಚರಿಸುತ್ತಿದ್ದರು. ಅನ್ನದಾಸೋಹಕ್ಕೆ ಕೈನೀಡುವ ನಾವು ಅಕ್ಷರದಾಸೋಹಕ್ಕೂ ಕೈನೀಡತಕ್ಕದ್ದು.

ಮೊಬೈಲಿನಲ್ಲಿಯೇ ಸಮಸ್ತ ವಚನಗಳೂ ದೊರೆಯುವಾಗ ಪುಸ್ತಕಗಳೇತಕ್ಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನನ್ನ ಆಕ್ಷೇಪಣೆಯಿಲ್ಲ. ಓಲೆಯಿಂದ ಕಾಗದಕ್ಕೆ ಬಂದಾಗಲೂ ಹಿರಿಯರು ಗೊಣಗಿರಬೇಕು. ಯಾವುದರ ಮೇಲಾದರೂ ಓದಿರಿ, ಆದರೆ ಮೊದಲಿಂದ ಕಡೆಯವರೆಗೆ ಓದಿರಿ. ಓದುವ ಹೊತ್ತಿನಲ್ಲಿ ಬೇರೆ ಯಾವ ಗಂಟೆಯೂ ಬಾರಿಸದಂತೆ ನೋಡಿಕೊಳ್ಳಿರಿ. ಯಂತ್ರದಲ್ಲಿ ತುಂಬಿಟ್ಟು ಎಂದಿಗೂ ತೆರೆಯದ ನೂರು ಗ್ರಂಥಗಳೂ ಕೆಂಪು ವಸ್ತ್ರದೊಳಗಿನ ಕಟ್ಟೇ ಸರಿ.

ಮೈಸೂರಿನವರಾದ ನಮಗೆ ದಸರೆಯ ಸಂಪ್ರದಾಯವು ಚೆನ್ನಾಗಿ ಗೊತ್ತು. ಸರಸ್ವತೀಪೂಜೆಯ ದಿನಗಳಲ್ಲಿ ಅನೇಕರ ಮನೆಗಳಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು, ಓದಬಾರದೆಂದು ನಿಯಮವನ್ನು ಹಿಡಿಯುವರು. ವಿಜಯದಶಮಿಯಂದು ಅವುಗಳನ್ನು ತೆಗೆದು ಓದಬೇಕೆಂಬುದೂ ಆ ನಿಯಮದ ಭಾಗವೇ. ಮೊದಲನೆಯ ಭಾಗವನ್ನು ನಾವು ತಪ್ಪದೆ ಪಾಲಿಸುವೆವು. ಆ ಮೂರು ದಿನ ಸಂಪ್ರದಾಯದಿಂದ ಓದುವುದಿಲ್ಲ, ಉಳಿದ ದಿನಗಳಲ್ಲಿ ಅಭ್ಯಾಸದಿಂದ ಓದುವುದಿಲ್ಲ!

ಆದಕಾರಣ ಭಕ್ತಮಹಾಜನರಲ್ಲಿ ನನ್ನ ಅರಿಕೆಗಳು ಮೂರು. ಮನೆಯಲ್ಲಿ ಹಳೆಯ ಓಲೆಕಟ್ಟಾಗಲಿ ಕೈಬರಹದ ಪುಸ್ತಕವಾಗಲಿ ಇದ್ದರೆ ಈ ಮಹೋತ್ಸವದ ವರ್ಷದಲ್ಲಿಯೇ ಬಲ್ಲವರೆದುರಿಗೆ ಬಿಚ್ಚಿಸಿರಿ. ಗರಿಗಳು ಅಂಟಿಕೊಂಡಿದ್ದರೆ ನೀವಾಗಿಯೇ ಎಳೆಯಬೇಡಿರಿ. ಅವುಗಳನ್ನು ಬಿಡಿಸಬಲ್ಲವರು ಈ ನಗರದಲ್ಲಿಯೇ ಉಂಟು. ಕಟ್ಟು ನಿಮ್ಮದಾಗಿಯೇ ಉಳಿಯಲಿ, ಅದರ ಛಾಯಾಪ್ರತಿಯು ಲೋಕಕ್ಕೆ ದೊರೆಯಲಿ. ಎರಡನೆಯದು, ದಿನಕ್ಕೆ ಕಾಲುಗಂಟೆಯ ಹೊತ್ತು ಮನೆಯವರೆಲ್ಲ ಕುಳಿತು ಒಂದು ಪುಟವನ್ನು ಗಟ್ಟಿಯಾಗಿ ಓದಿ ಅರ್ಥವನ್ನು ವಿಚಾರಿಸಿರಿ. ಮೂರನೆಯದು, ಓದಿದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಿರಿ, ಮಕ್ಕಳನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡುಹೋಗಿರಿ. 1965ರ ಗ್ರಂಥಾಲಯ ಶಾಸನದಂತೆ ಮನೆಯ ಕಂದಾಯದೊಡನೆ ಗ್ರಂಥಾಲಯದ ಕರವನ್ನೂ ನಾವು ತೆರುತ್ತಿರುವೆವು. ಹಣವನ್ನು ಕೊಟ್ಟು ಊಟಮಾಡದೆ ಎದ್ದುಬರುವ ಅತಿಥಿಗಳಂತೆ ನಾವಾಗಬಾರದು.

ಕಡೆಯದಾಗಿ ಒಂದು ಮಾತು. ಉಳಿದ ಆ ಹನ್ನೊಂದು ಗರಿಗಳನ್ನು ನಾನು ಕಾಗದಕ್ಕೆ ಪ್ರತಿಮಾಡಿರುವೆನು. ನನ್ನ ಮಗಳು ನನ್ನ ಪ್ರತಿಯನ್ನು ಓಲೆಯೊಡನೆ ಹೋಲಿಸಿ ಓದಿ, ನಾನು ಮಾಡಿದ್ದ ಎರಡು ತಪ್ಪುಗಳನ್ನು ತಿದ್ದಿದಳು. ಹೆಸರುಳಿಯದ ಆ ಲಿಪಿಕಾರರ ಬೇಡಿಕೆಯು ನಮ್ಮ ಮನೆಯಲ್ಲಿ ಅಂದು ಮೊದಲ ಬಾರಿಗೆ ನೆರವೇರಿತು. ಈಗಲೂ ವಿಜಯದಶಮಿಯಂದು ನಾವು ಅದಕ್ಕೆ ವಿಭೂತಿಯನ್ನು ಧರಿಸುವೆವು, ಹೂವನ್ನೂ ಏರಿಸುವೆವು. ಅನಂತರ ಕಟ್ಟನ್ನು ಬಿಚ್ಚಿ ಓದುವೆವು.

ನಿಮ್ಮೆಲ್ಲರ ಮನೆಗಳಲ್ಲಿಯೂ ಪೂಜೆಯೊಡನೆ ಪಠನವೂ, ಪಠನದೊಡನೆ ನಡೆಯೂ ಬೆಳೆಯಲೆಂದು ಶ್ರೀಗುರುಚರಣಗಳಲ್ಲಿ ಪ್ರಾರ್ಥಿಸುವೆನು. ನನ್ನ ಮಾತಿನಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಂಡು ಓದತಕ್ಕದ್ದು.